ಹೆನ್ರಿಯೆಟ್ಟಳಿಗೊಂದು ಕಮರಿ

2019ರ ಜೂನ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ, ಮೈತುಂಬ ಸೋಪು ಹಚ್ಚಿಕೊಂಡು ನಿಂತಿದ್ದ ವರ್ಲಿನ್ ಸ್ಟ್ರೌಡ್ ಹೆನ್ರಿಯೆಟ್ಟಳನ್ನು ಕೊಲ್ಲುವುದೆಂದು ತೀರ್ಮಾನಿಸಿದ. ಅವನ ಬಲ ಮೊಣಕೈ ಆಗಷ್ಟೇ ಸ್ನಾನದ ಗೂಡಿನ ಗೋಡೆಗೆ ಬಡಿದಿತ್ತು. ಎಡ ಮೊಣಕೈ ಅದಕ್ಕೂ ಮೊದಲೇ ಬಡಿದಿತ್ತು. ಅಷ್ಟರಲ್ಲಿ ನೀರು ನಿಂತುಹೋಯಿತು.

ಹೆನ್ರಿಯೆಟ್ಟ ಮೂವತ್ತೊಂದು ಅಡಿ ಉದ್ದದ ಮನೆಗಾಡಿ. ಅವಳ ಹೊಟ್ಟೆಯೊಳಗೆ ಒಂದು ಹಾಸಿಗೆ, ಒಂದು ಒಲೆ, ಒಂದು ಫ್ರಿಜ್ಜು, ಒಂದು ಕಕ್ಕಸು, ಆ ಸ್ನಾನದ ಗೂಡು, ಮತ್ತು ನಾಲ್ಕು ವರ್ಷಗಳಿಂದ ವರ್ಲಿನ್ ಹಾಗೂ ಅವನ ಹೆಂಡತಿ ಮ್ಯಾಕ್ಸೀನ್. ಹೆಸರಿಟ್ಟವಳು ಮ್ಯಾಕ್ಸೀನ್. ಕಿಟಕಿಗೆ ಪರದೆ ಹೊಲಿದವಳು, ಹಿಂಬದಿಯ ಹೆಚ್ಚುವರಿ ಚಕ್ರದ ಮುಚ್ಚಳದ ಮೇಲೆ ಆಮೆಯ ಚಿತ್ರ ಬರೆದು ಕೆಳಗೆ ‘ನಮಗೇನೂ ಅವಸರವಿಲ್ಲ’ ಎಂದು ಬರೆದವಳೂ ಅವಳೇ.

ವರ್ಲಿನ್‌ಗೆ ಬೇಕಾಗಿದ್ದುದು ಒಂದು ಮನೆ. ನೆಲಕ್ಕೆ ಅಂಟಿಕೊಂಡಿರುವ, ಸ್ನಾನದ ತೊಟ್ಟಿಯಿರುವ, ಒಬ್ಬರು ಮಗ್ಗುಲು ಬದಲಿಸಿದರೆ ಇನ್ನೊಬ್ಬರ ಕಾಫಿ ಚೆಲ್ಲದ ಮನೆ. ಅಂಥದ್ದೊಂದು ಅಯೋವಾದಲ್ಲಿ ಅವರಿಗಿತ್ತು. ಅದರ ಗ್ಯಾರೇಜಿನ ಮುಂದಿನ ಕಾಂಕ್ರೀಟನ್ನು ಅವನು ತಾನೇ ನಿಂತು ಹಾಕಿಸಿದ್ದ. ಹಿಮ ಕರಗುವ ಕಾಲದಲ್ಲಿ ಬೀದಿಯವರೆಲ್ಲ ಬಕೆಟ್ ಹಿಡಿದು ಗ್ಯಾರೇಜಿನ ನೀರು ಎತ್ತಿಹಾಕುವಾಗ ಅವನು ಒಣಗಿದ ಬೂಟು ಹಾಕಿಕೊಂಡು ನಿಂತು ನೋಡುತ್ತಿದ್ದ. ಈಗಲೂ ನಿದ್ದೆ ಬಾರದಾಗ ಅವನು ನೆನಪಿಸಿಕೊಳ್ಳುತ್ತಿದ್ದುದು ಆ ಒಣ ಗ್ಯಾರೇಜನ್ನು.

ಹೆಂಡತಿಗೆ ಇದನ್ನು ಹೇಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಹೇಳುವಂತಿರಲಿಲ್ಲ. ಮನೆ ಮಾರುವ ಯೋಚನೆ ಅವನದೇ ಆಗಿತ್ತು. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿ ನಿವೃತ್ತನಾದ ದಿನ ಇಡೀ ಶಾಲೆಯ ಎದುರು ನಿಂತು, ಗೋಡೆಗಳು ಮನುಷ್ಯನಿಗೆ ತಾನೇ ಕಟ್ಟಿಕೊಂಡ ಜೈಲು ಎಂದು ಭಾಷಣ ಬಿಗಿದಿದ್ದ. ಮ್ಯಾಕ್ಸೀನ್ ಆ ರಾತ್ರಿ ಅತ್ತಿದ್ದಳು. ಅವಳನ್ನು ಒಪ್ಪಿಸಲು ಅವನಿಗೆ ಎರಡು ತಿಂಗಳು, ಏಳೆಂಟು ನಕ್ಷೆಗಳು ಬೇಕಾದವು. ಈಗ ತನ್ನ ಲೆಕ್ಕ ತಪ್ಪಿತೆಂದು ಒಪ್ಪಿಕೊಳ್ಳುವುದಕ್ಕಿಂತ ಏಳು ಟನ್ ತೂಕದ ಗಾಡಿಯನ್ನು ಕಮರಿಗೆ ಉರುಳಿಸುವುದೇ ಅವನಿಗೆ ಸುಲಭವಾಗಿ ಕಂಡಿತು. ಅಪಘಾತ ಯಾರ ತಪ್ಪೂ ಅಲ್ಲ. ಅಪಘಾತವಾದ ಮೇಲೆ ಎಲ್ಲಾದರೂ ಬಾಡಿಗೆಗೊಂದು ಮನೆ ಹಿಡಿಯಲೇಬೇಕು. ಆ ಮನೆಯಲ್ಲಿ ತೊಟ್ಟಿ ಇದ್ದೇ ಇರುತ್ತದೆ.

ಅವರು ತಂಗಿದ್ದುದು ಯೂಟಾದ ದಕ್ಷಿಣದ ಕೆಂಪು ಕಮರಿಯೊಂದರ ಅಂಚಿನ ಸರಕಾರಿ ಕ್ಯಾಂಪಿನಲ್ಲಿ. ಜಾಗವನ್ನು ವರ್ಲಿನ್ ಮೂರು ದಿನ ಸುತ್ತಾಡಿ ಆರಿಸಿದ. ಎರಡು ಜೂನಿಪರ್ ಮರಗಳ ನಡುವೆ ಗಾಡಿಯ ಅಗಲಕ್ಕಿಂತ ಎರಡಡಿ ಹೆಚ್ಚು ತೆರಪು, ಅದರಾಚೆ ನಲವತ್ತಡಿ ಬರಿಬಂಡೆ, ಅದರಾಚೆ ಏನೂ ಇಲ್ಲ. ಕೆಳಗೆ ಒಂಬೈನೂರು ಅಡಿಯಲ್ಲಿ ದಾರಿಯಿಲ್ಲ, ಡೇರೆಯಿಲ್ಲ, ಮನುಷ್ಯರ ಸುಳಿವಿಲ್ಲ. ಇದನ್ನು ಅವನು ದುರ್ಬೀನಿನಲ್ಲಿ ಬೆಳಿಗ್ಗೆ ಸಂಜೆ ನೋಡಿ ಖಾತ್ರಿ ಮಾಡಿಕೊಂಡ. ಅವನು ಕೊಲೆಗಡುಕನಲ್ಲ, ಒಂದು ವಾಹನದ ವಿರೋಧಿ ಮಾತ್ರ.

ಇಳಿಜಾರು ಮುಖ್ಯ. ಕೆಂಪು ನಾಡಿನಲ್ಲಿ ಕಣ್ಣನ್ನು ನಂಬುವಂತಿಲ್ಲ. ಬಂಡೆಯ ಪದರಗಳೆಲ್ಲ ಓರೆಯಾಗಿ ಮಲಗಿರುವಲ್ಲಿ ಏರು ಯಾವುದು, ತಗ್ಗು ಯಾವುದು ಎಂದು ತಲೆಯೇ ತಿರುಗುತ್ತದೆ. ವರ್ಲಿನ್ ತನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದುದೂ ಅದನ್ನೇ: ಕಣ್ಣು ಸಾಕ್ಷಿಯಲ್ಲ, ಉಪಕರಣ ಸಾಕ್ಷಿ. ಅವನ ಉಪಕರಣ ಚಾಲಕನ ಮುಂದಿನ ಹಲಗೆಗೆ ಅಂಟಿಸಿದ ಬೆರಳುದ್ದದ ರಸಮಟ್ಟ; ಅದರ ದ್ರವದೊಳಗಿನ ಗುಳ್ಳೆ ನಡುವೆ ನಿಂತರೆ ಗಾಡಿ ಸಮತಟ್ಟು. ಮನೆಗಾಡಿಯವರು ಎಲ್ಲಿ ನಿಂತರೂ ಮೊದಲು ನೋಡುವುದು ಅದರ ಗುಳ್ಳೆಯನ್ನೇ. ಹೆನ್ರಿಯೆಟ್ಟ ಮನೆಗೆ ಬಂದ ಮೊದಲ ಬೆಳಿಗ್ಗೆಯೇ ವರ್ಲಿನ್ ಹಲಗೆಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಗುಳ್ಳೆಯನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಎರಡು ಗೆರೆಗಳ ನಡುವೆ ನಿಲ್ಲಿಸಿ, ಅಂಟು ಒಣಗುವವರೆಗೆ ಉಸಿರು ಬಿಗಿಹಿಡಿದು ಕುಳಿತಿದ್ದ. ಅಂದಿನಿಂದ ಅದು ಅವರ ಮನೆಯ ದೇವರು.

ಆ ದೇವರ ಮೇಲೆ ಮ್ಯಾಕ್ಸೀನ್‌ಗೆ ಭಕ್ತಿ ಕಡಿಮೆ.

“ಯಾವ ಊರಿಗೆ ಹೋದ್ರೂ ಮುಂದಿನ ಗಾಲಿ ಕೆಳಗೇ ಹಲಗೆ ಇಡ್ಬೇಕಲ್ಲ ನಾವು, ಯಾಕೆ?” ಎಂದು ಅವಳು ಬುಧವಾರವೂ ಕೇಳಿದಳು.

“ಈ ದೇಶದ ಕ್ಯಾಂಪುಗಳನ್ನೆಲ್ಲ ಕುಡುಕ್ರು ಕಟ್ಟಿದ್ದಾರೆ, ಅದಕ್ಕೆ.”

“ಎಲ್ಲಾ ಕುಡುಕ್ರೂ ಒಂದೇ ಕಡೆ ವಾಲಿದ್ರಾ? ನೋಡು, ನನ್ನ ಬಟಾಣಿ ತಟ್ಟೆಯಿಂದ ಎದ್ದು ಹಾಸಿಗೆ ಕಡೆ ಹೊರಟಿವೆ. ಗಾಡಿ ವಾಲಿದ್ರೆ ಈ ಗ್ಯಾಸ್ ಫ್ರಿಜ್ಜು ತಣ್ಣಗಾಗಲ್ಲವಂತೆ, ಎರಡು ಸಲ ರಿಪೇರಿ ಮಾಡ್ಸಿದ್ರೂ ಹಾಲು ಒಡೀತಿದೆ. ಬೆಳಿಗ್ಗೆ ಎದ್ರೆ ತಲೆ ಭಾರ.”

“ಗುಳ್ಳೆ ನಡುಮಧ್ಯ ಇದೆ ಮ್ಯಾಕ್ಸೀನ್.”

“ಹೌದು ಮೇಷ್ಟ್ರೇ, ಬಟಾಣಿಗೆ ಓದೋಕೆ ಬರಲ್ಲ. ತಪ್ಪು ಅದರದೇ.”

ಶನಿವಾರಕ್ಕೆ ಎಲ್ಲವೂ ಕೂಡಿಬಂತು. ಸಂಜೆ ಏಳೂವರೆಗೆ, ಕ್ಯಾಂಪಿನವರಿಗೆಲ್ಲ, ಅಲ್ಲಿನ ರೇಂಜರ್ ಬೆನಾಲಿಯ ಉಪನ್ಯಾಸ. ಕೇಳುಗರ ಬೆಂಚುಗಳು ಕಮರಿಯತ್ತ ಮುಖಮಾಡಿ, ಹೆನ್ರಿಯೆಟ್ಟ ನಿಂತ ಜಾಗದಿಂದ ಇನ್ನೂರು ಅಡಿ ಹಿಂದೆ ಇದ್ದವು. ಅಲ್ಲಿ ಮೂವತ್ತು ಸಾಕ್ಷಿಗಳ ನಡುವೆ, ಹೆಂಡತಿಯ ಕೈ ಹಿಡಿದು, ವರ್ಲಿನ್ ಕೂತಿರುತ್ತಾನೆ. ಆಗ ಗಾಡಿ ತಾನಾಗಿಯೇ ಹೊರಡಬೇಕು.

ತಾನಾಗಿಯೇ ಹೊರಡಲು ಅವನು ಕಂಡುಕೊಂಡ ಉಪಾಯ ಮಂಜುಗಡ್ಡೆ. ನಿಂತ ಗಾಡಿ ಉರುಳದಂತೆ ಗಾಲಿಗಳಿಗೆ ಒತ್ತಿಡುವ ಹಳದಿ ಪ್ಲಾಸ್ಟಿಕ್ ಅಡೆಗಳನ್ನು ತೆಗೆದು, ಅದೇ ಆಕಾರದ ಮಂಜಿನ ಅಡೆಗಳನ್ನು ಇಟ್ಟರೆ ಬಿಸಿಲು ಉಳಿದ ಕೆಲಸ ಮಾಡುತ್ತದೆ. ಮರುಭೂಮಿಯ ಗಾಳಿ ನೀರಿನ ಕಲೆಯನ್ನೂ ಉಳಿಸುವುದಿಲ್ಲ. ಅಂಗಡಿಯಿಂದ ತಂದ ಮಂಜಿನ ದಿಮ್ಮಿಗಳನ್ನು ಬ್ರೆಡ್ಡು ಕೊಯ್ಯುವ ಚಾಕುವಿನಿಂದ ಕೆತ್ತಿದ. ಬಿಳಿಯಾಗಿದ್ದರೆ ಯಾರಾದರೂ ಗಮನಿಸಿಯಾರೆಂದು ಮ್ಯಾಕ್ಸೀನ್ ಕೇಕಿಗೆ ಹಾಕುವ ಹಳದಿ ಬಣ್ಣ ಬಳಿದ. ಕಮರಿಯ ಕಡೆ ಮಾತ್ರ ಇಟ್ಟರೆ ಅನುಭವಸ್ಥರ ಕಣ್ಣಿಗೆ ವ್ಯತ್ಯಾಸ ಕಾಣುತ್ತದೆಂದು, ಬೇಕಿಲ್ಲದಿದ್ದರೂ ಹಿಂದಿನ ಬದಿಗೂ ಮಂಜಿನದನ್ನೇ ಕೆತ್ತಿದ. ಆ ಅಚ್ಚುಕಟ್ಟುತನಕ್ಕೆ ತನಗೆ ತಾನೇ ಮೆಚ್ಚುಗೆ ಹೇಳಿಕೊಂಡ.

ಮಧ್ಯಾಹ್ನ ಗಾಡಿಯನ್ನು ಕೊಂಚ ಸರಿಸಿ ಮುಂದಿನ ಗಾಲಿಗಳ ಕೆಳಗಿನ ಹಲಗೆಗಳನ್ನೂ ತೆಗೆದಿದ್ದ. ರಸಮಟ್ಟದ ಗುಳ್ಳೆ ಒಂದು ಗೆರೆಯಷ್ಟು ಹಿಂದಕ್ಕೆ, ಹಾಸಿಗೆಯ ಕಡೆಗೆ ಸರಿದಿತ್ತು. ಗುಳ್ಳೆ ಯಾವಾಗಲೂ ಎತ್ತರದ ಕಡೆ ಹೋಗುತ್ತದೆ. ಅಂದರೆ ಬಾಲ ಮೇಲೆ, ಮೂಗು ಕೆಳಗೆ, ಕಮರಿಯ ಕಡೆಗೆ. ಲೆಕ್ಕಕ್ಕೆ ಬೇಕಾಗಿದ್ದುದು ಅಷ್ಟೇ.

ಮ್ಯಾಕ್ಸೀನ್‌ಗೆ ಪ್ರೀತಿಯ ವಸ್ತುಗಳು ಕಮರಿಗೆ ಹೋಗಬಾರದು. ಅವಳ ತಾಯಿಯ ಹೊಲಿಗೆ ಯಂತ್ರ, ಮದುವೆಯ ಫೋಟೋ, ಜೆರೇನಿಯಮ್ ಕುಂಡ, ಮೂರನ್ನೂ ಹೊತ್ತು ತಂದು ಹೊರಗಿನ ಊಟದ ಮೇಜಿನ ಮೇಲಿಟ್ಟ.

“ಇದೇನು?” ಎಂದಳು ಮ್ಯಾಕ್ಸೀನ್.

“ಸ್ವಲ್ಪ ಬಿಸಿಲು ಕಾಯಲಿ.”

“ಹೊಲಿಗೆ ಯಂತ್ರ?”

“ಒಳಗೆ ತೇವ ಇದೆ.”

ತೊಂಬತ್ತೇಳು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲಿನಲ್ಲಿ, ಏಳು ತಿಂಗಳಿಂದ ಮಳೆ ಕಾಣದ ನೆಲದ ಮೇಲೆ ನಿಂತು ಮ್ಯಾಕ್ಸೀನ್ ಗಂಡನನ್ನು ಒಂದು ಗಳಿಗೆ ನೋಡಿದಳು. “ಟೋಪಿ ಹಾಕ್ಕೋ,” ಎಂದಷ್ಟೇ ಹೇಳಿ, ಸ್ಥಳ ಹಿಡಿಯಲು ಬೆಂಚುಗಳ ಕಡೆ ಹೋದಳು.

ಆರೂಕಾಲಿಗೆ ವರ್ಲಿನ್ ಗ್ಯಾಸು ಬಂದ್ ಮಾಡಿ, ಅಡೆಗಳನ್ನು ಬದಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಹ್ಯಾಂಡ್ ಬ್ರೇಕ್ ಬಿಟ್ಟ. ಹೆನ್ರಿಯೆಟ್ಟ ಸಣ್ಣಗೆ ಮುಲುಗಿ ಮಂಜಿನ ಮೇಲೆ ಒರಗಿದಳು. ಅವನು ಇಳಿದು ಬಾಗಿಲು ಹಾಕುವಷ್ಟರಲ್ಲಿ ಪಕ್ಕದ ಜಾಗದ ಡ್ವೇನ್, ಟೆಕ್ಸಾಸಿನವನು, ಬಿಯರು ಹಿಡಿದು ಬಂದ. ಇಲ್ಲಿ ಎಲ್ಲರಿಗೂ ಪಕ್ಕದವರ ಗಾಡಿಯ ಕೆಳಗೆ ಬಗ್ಗಿ ನೋಡುವ ಹಕ್ಕಿದೆ.

“ಹೊಸಾ ಅಡೆಗಳಾ ಗುರುವೇ?”

“ಹೂಂ.”

“ಬೆವರ್ತಾ ಇವೆಯಲ್ಲ!”

ವರ್ಲಿನ್ ಬಾಗಿ ಅಡೆಯನ್ನು ಒರೆಸಿದ. “ಹೊಸ ಥರದ ಪ್ಲಾಸ್ಟಿಕ್ಕು. ಶಾಖ ಹೊರಗೆ ಹಾಕುತ್ತೆ.”

“ಅಬ್ಬಾ! ಎಲ್ಲಿ ಸಿಗುತ್ತೆ?”

“ಜರ್ಮನಿಯಿಂದ ತರಿಸಿದ್ದು.”

“ಜರ್ಮನ್ನರು ಬಿಡಪ್ಪ,” ಎಂದು ಡ್ವೇನ್ ಭಕ್ತಿಯಿಂದ ಅಡೆಯನ್ನು ಮುಟ್ಟಿ, ಬೆರಳನ್ನು ನೋಡಿಕೊಂಡು, ಚಡ್ಡಿಗೆ ಒರೆಸಿಕೊಂಡ. ವರ್ಲಿನ್ ಅವನ ಹೆಗಲ ಮೇಲೆ ಕೈಹಾಕಿ ಬೆಂಚುಗಳ ಕಡೆ ನಡೆಸಿಕೊಂಡು ಹೋದ.

ರೇಂಜರ್ ಬೆನಾಲಿ ಕಮರಿಗೆ ಬೆನ್ನು ಮಾಡಿ ನಿಂತು ಮಾತಾಡುತ್ತಿದ್ದಳು. ಬಂಡೆಗಳ ಓರೆ ಅಳೆಯುವ, ಅಂಗೈಯಗಲದ ದಿಕ್ಸೂಚಿಯೊಂದನ್ನು ಎತ್ತಿ ತೋರಿಸಿದಳು. “ನಮ್ಮ ಅಜ್ಜಿ ಕುರಿ ಮೇಯಿಸ್ತಿದ್ದಾಗ ನೀರು ಹರಿಯೋ ದಿಕ್ಕು ನೋಡಿ ತಗ್ಗು ಯಾವುದು ಅಂತ ಹೇಳೋರು. ನನಗೆ ಸರಕಾರ ಇದನ್ನ ಕೊಟ್ಟಿದೆ. ಎರಡೂ ಇಲ್ಲದಿದ್ರೆ ಇಲ್ಲಿ ನಿಮ್ಮ ಕಣ್ಣು ಸುಳ್ಳು ಹೇಳುತ್ತೆ.” ವರ್ಲಿನ್ ತಲೆದೂಗಿದ. ಒಳ್ಳೆಯ ಹುಡುಗಿ. ಅವಳ ಹೆಗಲ ಮೇಲಿಂದ, ದೂರದಲ್ಲಿ, ಹೆನ್ರಿಯೆಟ್ಟಳ ಹಿಂಭಾಗ, ಚಕ್ರದ ಮುಚ್ಚಳ, ಆಮೆ.

ಮ್ಯಾಕ್ಸೀನ್ ಅವನ ಕೈ ಅದುಮಿದಳು. “ಚೆನ್ನಾಗಿ ಹೇಳ್ತಾಳೆ ಅಲ್ವಾ?”

ಎಂಟು ದಾಟಿತು. ಎಂಟೂ ಹತ್ತಕ್ಕೆ ಗಾಡಿ ಅಲುಗಿತು. ಈಗ ಆ ಹಿಂಭಾಗ ನಿಧಾನವಾಗಿ ಚಿಕ್ಕದಾಗಬೇಕು, ಎರಡು ಜೂನಿಪರ್‌ಗಳ ನಡುವೆ ತೂರಬೇಕು, ಆಮೇಲೆ ಆಕಾಶ ಮಾತ್ರ ಉಳಿಯಬೇಕು.

ಅದು ಚಿಕ್ಕದಾಗಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಆಮೆ ದೊಡ್ಡದಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅಕ್ಷರಗಳನ್ನೂ ಓದಬಹುದಾಯಿತು: ನಮಗೇನೂ ಅವಸರವಿಲ್ಲ.

“ಮೇಡಂ,” ಎಂದು ಡ್ವೇನ್ ಕೈಯೆತ್ತಿದ, ಪ್ರಶ್ನೆ ಕೇಳುವವನಂತೆ. “ನಿಮ್ಮ ಹಿಂದೆ ಒಂದು ಮನೆ ಬರ್ತಾ ಇದೆ.”

ಬೆನಾಲಿ ತಿರುಗಿ ನೋಡಿ, “ಎಲ್ಲರೂ ಎಡಕ್ಕೆ!” ಎಂದು ಕೂಗಿದಳು. ಬೆಂಚುಗಳು ಖಾಲಿಯಾದವು. ಹೆನ್ರಿಯೆಟ್ಟ, ಮನುಷ್ಯ ನಡೆಯುವ ವೇಗದಲ್ಲಿ, ಉಪನ್ಯಾಸಕ್ಕೆ ತಡವಾಗಿ ಬಂದವಳ ಸಂಕೋಚದಿಂದ ಹಿಂದೆ ಹಿಂದೆ ಬಂದು, ಮೊದಲ ಸಾಲಿನ ಬೆಂಚನ್ನು ಮುರಿದು, ಎರಡನೆಯದಕ್ಕೆ ಒರಗಿ ನಿಂತಳು. ಸರಿಯಾಗಿ ವರ್ಲಿನ್ ಕೂತಿದ್ದ ಜಾಗದಲ್ಲಿ.

ಆಮೇಲಿನದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಬೆನಾಲಿ ಒಳಗೆ ಹತ್ತಿ, ಬ್ರೇಕು ಬಿಟ್ಟಿದೆ, ಗೇರು ನ್ಯೂಟ್ರಲ್‌ನಲ್ಲಿದೆ ಎಂದಳು. ಹೆನ್ರಿಯೆಟ್ಟ ನಿಂತಿದ್ದ ಜಾಗದಿಂದ ಡ್ವೇನ್ ಹಳದಿ ನೀರು ಸುರಿಸುವ ಮುಷ್ಟಿಗಾತ್ರದ ತುಂಡೊಂದನ್ನು ಎತ್ತಿಕೊಂಡು ಓಡಿಬಂದ. “ಜರ್ಮನ್ ಪ್ಲಾಸ್ಟಿಕ್ಕು ಕರಗಿಹೋಯ್ತು ಗುರುವೇ!” ಮ್ಯಾಕ್ಸೀನ್ ಅವನ ಅಂಗೈ ನೋಡಿದಳು, ಆಮೇಲೆ ದೂರದ ಮೇಜಿನ ಮೇಲೆ ಬಿಸಿಲು ಕಾಯುತ್ತಿದ್ದ ಹೊಲಿಗೆ ಯಂತ್ರವನ್ನು, ಆಮೇಲೆ ಗಂಡನನ್ನು.

“ನನ್ನ ಕೇಕಿನ ಬಣ್ಣ ಅದು,” ಎಂದಳು. “ಮನೆ ಬೇಕು ಅಂತ ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ? ನಾಲ್ಕು ವರ್ಷದಿಂದ ಕಾಯ್ತಿದೀನಿ ನಾನು, ನೀನು ಹೇಳ್ತೀಯ ಅಂತ.”

“ಪೊಲೀಸರು ಬರೋವರೆಗೆ ಎಲ್ಲೂ ಹೋಗ್ಬೇಡಿ ಸರ್,” ಎಂದಳು ಬೆನಾಲಿ.

ವರ್ಲಿನ್‌ಗೆ ಇದಾವುದೂ ಕೇಳಿಸಲಿಲ್ಲ. “ಮೂಗು ತಗ್ಗಿನಲ್ಲಿತ್ತು,” ಎಂದು ಅವನು ಗೊಣಗುತ್ತಲೇ ಇದ್ದ. “ಗುಳ್ಳೆ ಹಿಂದಕ್ಕಿತ್ತು. ನಾನೇ ನೋಡಿದೀನಿ.” ಬೆನಾಲಿ ಅವನ ಮೇಲಿನ ಕನಿಕರಕ್ಕೋ ಏನೋ, ಗಾಡಿ ನಿಂತಿದ್ದಲ್ಲಿಗೆ ಹೋಗಿ ತನ್ನ ದಿಕ್ಸೂಚಿಯನ್ನು ನೆಲಕ್ಕಿಟ್ಟು ನೋಡಿ ಬಂದಳು. “ಇಲ್ಲ ಸರ್. ನೆಲ ಕಮರಿ ಕಡೆಗೆ ಏರಿದೆ. ನಿಮ್ಮ ಗಾಡಿ ಮೂಗು ಮೇಲಕ್ಕೆತ್ತಿಕೊಂಡೇ ನಿಂತಿತ್ತು.”

“ಆ ರಸಮಟ್ಟ,” ಎಂದಳು ಮ್ಯಾಕ್ಸೀನ್ ಮೆಲ್ಲಗೆ, ಬಟಾಣಿ, ಹಾಲು, ಹಲಗೆ ಎಲ್ಲವೂ ಅವಳ ಮುಖದ ಮೇಲೆ ಒಂದೊಂದಾಗಿ ಹಾದುಹೋದವು, “ಅದನ್ನ ಅಂಟಿಸೋವಾಗ ಗಾಡಿ ಎಲ್ಲಿ ನಿಂತಿತ್ತು ಮೇಷ್ಟ್ರೇ?” ಗುಳ್ಳೆಯನ್ನು ನಡುಮಧ್ಯ ನಿಲ್ಲಿಸಿದ ಆ ಬೆಳಿಗ್ಗೆ ಗಾಡಿ ನಿಂತಿದ್ದುದು ಅಯೋವಾದ ಅವರ ಮನೆಯ ಗ್ಯಾರೇಜಿಗೆ ಮೂಗು ಚಾಚಿಕೊಂಡು, ಹಿಮ ಕರಗಿದ ನೀರೆಲ್ಲ ಬೀದಿಗೆ ಓಡಲೆಂದು ಅವನೇ ನಿಂತು ಹಾಕಿಸಿದ ಕಾಂಕ್ರೀಟಿನ ಮೇಲೆ. ಗ್ಯಾರೇಜಿನಿಂದ ಬೀದಿಯ ಕಡೆಗೆ ಅದರ ಇಳಿಜಾರು ಅಡಿಗೆ ಅರ್ಧ ಇಂಚು.