ಎಂಟಕ್ಕೆ ಆರುವ ದೀಪ

ಭಾವ ಎಡಗೈಯಲ್ಲಿ ಕೋಳಿಯ ಕರುಳು ಜೋಲಾಡಿಸುತ್ತ ಬಲಗೈಯಲ್ಲಿ ಚಹಾ ಕುಡಿಯುತ್ತಿದ್ದ. ಕರುಳಿನ ತುದಿ ಸಿಮೆಂಟ್ ತೊಟ್ಟಿಯ ನೀರಿಗೆ ತಾಗಿದೊಡನೆ ಮೊಳದುದ್ದದ ಮೀಸೆಮೀನುಗಳು ಬಾಯಿ ತೆರೆದು ಮೇಲೆದ್ದು ಅದನ್ನು ಕಚ್ಚಿ ಎಳೆದುಕೊಂಡು ಹೋದವು. ನೀರಿನ ಮೇಲೆ ಜಿಡ್ಡು ತೇಲಿತು. ಲೋಟ ಕೆಳಗಿಟ್ಟ ಭಾವ ಪಕ್ಕದ ಗಾಜಿನ ತೊಟ್ಟಿಗೆ ಮೊಣಕೈವರೆಗೂ ಕೈ ಇಳಿಸಿ ತೊಳೆದುಕೊಂಡು, ಅಂಗಿಗೆ ಒರೆಸಿಕೊಂಡ. ಬಾಗಿಲಲ್ಲಿ ನಿಂತು ಇದನ್ನು ನೋಡುತ್ತಿದ್ದವನು ಭಾವನ ತಂಗಿಯ ಗಂಡ. ಗಾಜಿನ ತೊಟ್ಟಿಯೊಳಗಿನ ಗಿಡಗಳ ತೋಟ ಅವನದು. ಅದರ ಹಸಿರು ಹಾಸು ಮಣ್ಣು ಕಾಣದಂತೆ ಹರಡಲು ಐದು ತಿಂಗಳು ಹಿಡಿದಿತ್ತು. ಈಗ ಅದರ ಮೇಲೆ ಕೊಬ್ಬಿನ ಚೂರೊಂದು ನಿಧಾನವಾಗಿ ಇಳಿಯುತ್ತಿತ್ತು.

ಅವನು ಒಳಗೆ ಬಂದ. ಇಕ್ಕಳ ತಂದು ಚೂರನ್ನು ಎತ್ತಿ ಎಸೆದ. ಭಾವ ಹಲ್ಲು ಕಿರಿದ.

“ಸೊಪ್ಪಿನ ಸಾಹೇಬ್ರೇ, ಜನ ಇಲ್ಲಿಗೆ ಮೀನು ನೋಡೋಕೆ ಬರ್ತಾರೆ. ಸೊಪ್ಪು ಬೇಕಾದ್ರೆ ಸಂತೆಗೆ ಹೋಗ್ತಾರೆ.”

ಹಾಗೆಂದವನು, ಮುಂದಿನ ತಿಂಗಳು ಗಿಡಗಳ ಕೋಣೆ ಖಾಲಿಯಾಗಬೇಕೆಂದೂ, ಅಲ್ಲಿ ಕಸಾಯಿಖಾನೆಯ ತ್ಯಾಜ್ಯ ಇಡಲು ಫ್ರೀಜರ್ ಬರುತ್ತದೆಂದೂ ತಿಳಿಸಿದ. ಅಂಗಡಿ ಮಾವನ ಹೆಸರಿನಲ್ಲಿತ್ತು. ಮಾವ ಹಾಸಿಗೆ ಹಿಡಿದ ಮೇಲೆ ಮಗನ ಮಾತೇ ಮಾತು. ಮಗನಿಲ್ಲದಿದ್ದರೆ ಅಳಿಯನ ಮಾತು. ಈ ಎರಡನೆಯ ವಾಕ್ಯ ಅವನ ತಲೆಯಲ್ಲಿ ಅಂದೇ ಬಂದು ಕೂತಿತು, ಮತ್ತೆ ಏಳಲಿಲ್ಲ.

ಹೇಗೆ ಎಂಬುದು ಕಷ್ಟದ ಪ್ರಶ್ನೆಯಾಗಿರಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಭಾವ ಬರಿಗಾಲಲ್ಲಿ, ಒದ್ದೆ ನೆಲದಲ್ಲಿ ನಿಂತು ಸಿಮೆಂಟ್ ತೊಟ್ಟಿಯೊಳಗೆ ಕೈಯಾಡಿಸುತ್ತಿದ್ದ. ಭಾವನೇ ಟೇಪು ಸುತ್ತಿ ಹೇಗೋ ನಡೆಸುತ್ತಿದ್ದ ಹಳೆಯ ಹೀಟರೊಂದು ಅದೇ ನೀರಿನಲ್ಲಿತ್ತು. ಅದನ್ನು ಬಿಸಾಡು ಎಂದು ಅವನೇ ನಾಲ್ಕು ಜನರೆದುರು ಹೇಳಿದ್ದ, ಭಾವ ನಕ್ಕಿದ್ದ. ಹೀಗೆ ಸತ್ತವರನ್ನು ಕಂಡು ಜನ ಅಯ್ಯೋ ಎನ್ನುತ್ತಾರೆ, ಆಮೇಲೆ ಹೇಳಿದ್ದು ಕೇಳಬೇಕಿತ್ತು ಎನ್ನುತ್ತಾರೆ. ಆದರೂ ಗಿಡದ ಕೋಣೆಯ ಜಗಳ ಎಲ್ಲರಿಗೂ ಗೊತ್ತಿದ್ದುದರಿಂದ, ಆ ಹೊತ್ತಿಗೆ ತಾನು ಬೇರೆಲ್ಲೋ ಇದ್ದೆನೆಂದು ಹೇಳುವ ಬಾಯಿ ಬೇಕಿತ್ತು. ಅಂಥದೊಂದು ಬಾಯಿ ಮನೆಯಲ್ಲೇ ಇತ್ತು, ಜೊಲ್ಲು ಸುರಿಸುತ್ತ.

ಪಾರ್ಶ್ವವಾಯು ಬಡಿದ ಮೇಲೆ ಮಾವ ಹಿಂದಿನ ಕೋಣೆಯಲ್ಲಿ ಮಲಗಿಯೇ ಇದ್ದರು. ಬುದ್ಧಿ ನೆಟ್ಟಗಿತ್ತು, ಮಾತು ಸ್ವಲ್ಪ ತೊದಲು. ಬಾಯಿಯ ಬಲಮೂಲೆ ಸದಾ ಒದ್ದೆ. ಕೋಣೆಗೆ ಕಾಲಿಟ್ಟರೆ ಮೂತ್ರದ ಚೀಲದ ಹುಳಿವಾಸನೆ, ಮುಲಾಮಿನ ವಾಸನೆ, ಅದರಡಿ ಇನ್ನೊಂದು, ಹೆಸರಿಲ್ಲದ್ದು. ಹೆಂಡತಿ ಒಂದೇ ಸಮನೆ ಪೀಡಿಸಿದಳೆಂದು, ಅಪ್ಪನಿಗೆ ನೋಡಲು ಏನಾದರೂ ಇರಲಿ ಎಂದು, ಅವನು ಮಂಚದೆದುರು ಗಿಡಗಳ ತೊಟ್ಟಿಯೊಂದನ್ನು ಕೂರಿಸಿಕೊಟ್ಟಿದ್ದ.

ಕೆಲಸವನ್ನೇನೂ ಕಾಟಾಚಾರಕ್ಕೆ ಮಾಡಿರಲಿಲ್ಲ. ತಳಕ್ಕೆ ಗೊಬ್ಬರದ ಮಣ್ಣು, ಮೇಲೆ ತೊಳೆದ ಮರಳು. ಕಂದು ಬಣ್ಣ ಬಿಡುವುದು ನಿಲ್ಲುವವರೆಗೆ ಕುದಿಸಿದ ಮರದ ಬೇರು. ಮುಂದೆ ಗಿಡ್ಡ ಹಾಸು, ಹಿಂದೆ ಎತ್ತರಕ್ಕೆ ಬೆಳೆಯುವ ಕೆಂಪು ಕಾಂಡದ ಗಿಡಗಳು. ಕೆಳಗಿನ ಕಪಾಟಿನಲ್ಲಿ ಗಿಡಗಳಿಗೆ ಇಂಗಾಲಾಮ್ಲದ ಸಣ್ಣ ಸಿಲಿಂಡರು. ನೀರು ಹದಕ್ಕೆ ಬರುವವರೆಗೆ ಒಂದು ಮೀನನ್ನೂ ಬಿಡಲಿಲ್ಲ. ಬಿಸಿಲು ಬಿದ್ದರೆ ಪಾಚಿ ಕಟ್ಟುತ್ತದೆಂದು ಕಿಟಕಿಗೆ ಕಪ್ಪು ಕಾಗದ ಅಂಟಿಸಿದ. ದೀಪಕ್ಕೆ ಸುತ್ತ ಕಾಲು ಗಂಟೆಗೊಂದರಂತೆ ಹಲ್ಲುಗಳಿರುವ ಟೈಮರು: ಮಧ್ಯಾಹ್ನ ಹತ್ತಿಕೊಂಡು ರಾತ್ರಿ ಎಂಟಕ್ಕೆ ಆರುವಂತೆ. ಗಿರಾಕಿಗಳಿಗೆ ಒಪ್ಪಿಸುವ ಪಾಠವನ್ನೇ ಮೊದಲ ದಿನ ಮಾವನಿಗೂ ಒಪ್ಪಿಸಿದ್ದ. ಎಲೆಯ ಮೇಲೆ ಗುಳ್ಳೆ ಬಂದರೆ ಗಿಡ ಸುಖವಾಗಿದೆ, ಎಲೆ ಹಳದಿಯಾದರೆ ಗೊಬ್ಬರ ಸಾಲದು, ತುದಿ ಮಡಚಿಕೊಂಡರೆ ಅದರ ಪಾಲಿಗೆ ದಿನ ಮುಗಿಯಿತು, ಗಾಜು ಮಬ್ಬಾದರೆ ನನ್ನನ್ನು ಕರೆಯಿರಿ. ಮಾವ ಒದ್ದೆ ಬಾಯಿಯಲ್ಲಿ ನಕ್ಕಿದ್ದರು. ಅಂದಿನಿಂದ ಅವನು ಆ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ವಾರಕ್ಕೊಮ್ಮೆ ಬೆಳಿಗ್ಗೆ ಬಂದು, ಉಸಿರು ಬಿಗಿಹಿಡಿದು, ಮೂರನೆಯ ಒಂದು ಪಾಲು ನೀರು ಬದಲಿಸಿ ಹೊರಟುಬಿಡುತ್ತಿದ್ದ.

ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಮಾವನಿಗೆ ಹಗಲೂ ಇರುಳೂ ಆ ದೀಪವೇ. ಗೋಡೆ ಗಡಿಯಾರ ನಿಂತು ತಿಂಗಳುಗಳಾಗಿದ್ದರೂ ಅದನ್ನು ಯಾರೂ ಕೇಳಿರಲಿಲ್ಲ. ದೀಪ ಆರಿತು, ಎಂಟಾಯ್ತು, ಊಟ ಕೊಡಮ್ಮ ಎಂದು ಮಾವ ಮಗಳನ್ನು ಕರೆಯುವುದು ಮನೆಯಲ್ಲಿ ಒಂದು ತಮಾಷೆಯೇ ಆಗಿತ್ತು. ಅವನ ಯೋಜನೆಯೆಲ್ಲ ಟೈಮರಿನ ನಾಲ್ಕು ಹಲ್ಲುಗಳ ಮೇಲೆ ನಿಂತಿತು: ಎಂಟಕ್ಕೆ ಆರುವುದು ಒಂಬತ್ತಕ್ಕೆ ಆರಲಿ. ಕೆಲಸ ಮುಗಿಸಿ ಬಂದು, ಉಳಿದ ಹೊತ್ತನ್ನೆಲ್ಲ ಮಾವನೆದುರು ಕಳೆದರೆ, ಅಳಿಯ ಎಂಟರವರೆಗೂ ನನ್ನ ಹತ್ತಿರವೇ ಇದ್ದ ಎಂದು ಮಾವ ಆಣೆ ಇಟ್ಟು ಹೇಳುತ್ತಾರೆ. ಅದೂ ಸುಳ್ಳು ಹೇಳುತ್ತಿರುವ ಅರಿವಿಲ್ಲದೆ. ಮಗನನ್ನು ಕಳೆದುಕೊಂಡ ತಂದೆಯ ಸಾಕ್ಷಿಗಿಂತ ಗಟ್ಟಿ ಯಾವುದು?

ಹೆಂಡತಿಗೆ ಆಸ್ಪತ್ರೆಯಲ್ಲಿ ಎರಡನೆಯ ಪಾಳಿ ಇದ್ದ ವಾರವನ್ನು ಆರಿಸಿಕೊಂಡ. ಹಸಿವೂ ಒಂದು ಗಡಿಯಾರ ಎಂಬುದನ್ನು ಅವನು ಮರೆಯಲಿಲ್ಲ; ಸಂಜೆ ಎರಡು ಸಲ ಬಿಸ್ಕತ್ತು, ಹಾಲು ಕೊಟ್ಟ. ಪಕ್ಕದ ಮನೆಯ ಟೀವಿ ಸದ್ದು ಕೇಳದಂತೆ ತೊಟ್ಟಿಯ ಗಾಳಿಯ ಪಂಪನ್ನು ಜೋರು ಮಾಡಿದ. ಟೈಮರಿನ ಹಲ್ಲುಗಳನ್ನು ಸರಿಸಿ, ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಹಿಂಬಾಗಿಲಿಂದ ಹೊರಟ. ಚರಂಡಿಯ ಪಕ್ಕದ ಓಣಿ ಹಿಡಿದ. ಅಲ್ಲಿ ಮೂಗಿದ್ದವರು ಯಾರೂ ಓಡಾಡುತ್ತಿರಲಿಲ್ಲ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಎಲ್ಲವೂ ಅವನೆಣಿಸಿದಂತೆಯೇ ಆಯಿತು. ಭಾವ ತಿರುಗಿಯೂ ನೋಡಲಿಲ್ಲ. ಹೀಟರಿನ ಸ್ವಿಚ್ಚಿನ ಸದ್ದು, ಆಮೇಲೆ ನೀರಿನ ಸದ್ದು, ಆಮೇಲೆ ಕತ್ತಲೆ. ಒಂದೇ ಫ್ಯೂಜಿನಲ್ಲಿದ್ದ ಪಕ್ಕದ ಕ್ಷೌರದಂಗಡಿಯಲ್ಲಿ ಎಂಟರ ವಾರ್ತೆ ಶುರುವಾಗುತ್ತಿದ್ದಂತೆ ಟೀವಿ ನಿಂತು, ಅರ್ಧ ಗಡ್ಡ ಬೋಳಿಸಿಕೊಂಡ ಗಿರಾಕಿಯೊಬ್ಬ ಬೈದುಕೊಂಡ. ಇದೂ ಲೆಕ್ಕದಲ್ಲಿತ್ತು. ಸಾವಿನ ಹೊತ್ತು ಹೀಗೆ ತಾನಾಗಿಯೇ ಎಲ್ಲರಿಗೂ ಗೊತ್ತಾಗಬೇಕಿತ್ತು. ಕತ್ತಲಲ್ಲಿ ಸುಟ್ಟ ರಬ್ಬರಿನ ವಾಸನೆಯೂ ಅದಕ್ಕಿಂತ ಕೆಟ್ಟದೊಂದೂ ಎದ್ದವು. ತೊಟ್ಟಿಯಲ್ಲಿ ಏನೋ ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಮೀನೇ ಇರಬೇಕು. ಅವನು ನೋಡಲು ನಿಲ್ಲಲಿಲ್ಲ.

ಮನೆಗೆ ಮರಳಿದಾಗ ಕೋಣೆಯ ದೀಪ ಉರಿಯುತ್ತಿತ್ತು. “ಬನ್ನಿ ಅಳಿಯಂದ್ರೇ,” ಎಂದರು ಮಾವ, ಅವನು ಬಂದದ್ದೇ ಒಂದು ಹಬ್ಬವೆಂಬಂತೆ. ಗಾಜು ಉಜ್ಜಬೇಕು ಎಂದು ಹೇಳಿ ಅವನು ತೊಟ್ಟಿಗೆ ಕೈ ಇಳಿಸಿದ. ನಿಜವಾಗಿ ಅವನಿಗೆ ಬೇಕಾಗಿದ್ದದ್ದು ಬೆರಳುಗಳಿಗಂಟಿದ ಆ ವಾಸನೆಯನ್ನು ತೊಳೆಯುವುದು. ಮೊಣಕೈವರೆಗೂ ನೀರಿನಲ್ಲಿ ಕೈ ಉಜ್ಜಿಕೊಳ್ಳುವಾಗ ಭಾವನ ನೆನಪಾಯಿತು. ಒಳಗಿನ ತೋಟವನ್ನು ನೋಡಲಿಲ್ಲ; ಗಾಜಿನ ಮೇಲಿನ ಪಾಚಿಯನ್ನಷ್ಟೇ ನೋಡಿದ. ಆಮೇಲೆ ಸ್ಟೂಲಿನ ಮೇಲೆ ಕೂತು, ಮಾವನ ಗಲ್ಲದ ಮೇಲೆ ಇಳಿಯುತ್ತಿದ್ದ ಎಳೆಯತ್ತ ಕಣ್ಣು ಹೋಗದಂತೆ ಗೋಡೆ ನೋಡುತ್ತ, ಕೇಳಿದ್ದಕ್ಕೆಲ್ಲ ಹೂಂಗುಟ್ಟಿದ. ಅವರು ತೊದಲುತ್ತ ತೊಟ್ಟಿಯ ಕಡೆ ಕೈ ತೋರಿಸಿ ಏನೋ ಹೇಳಿದರು. ಪಂಪಿನ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಹೂಂ ಎಂದ. ಕೊನೆಗೆ ದೀಪ ಆರಿತು. “ಎಂಟಾಯ್ತು ಅನ್ನಿ,” ಎಂದರು ಮಾವ. ಅವನು ಉಣ್ಣಿಸಿ, ಬಾಯಿ ಒರೆಸಿ, ಒರೆಸಿದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಒಯ್ದ. ಟೈಮರಿನ ನಾಲ್ಕು ಹಲ್ಲುಗಳನ್ನು ಮೊದಲಿನಂತೆ ಇಟ್ಟ. ಹೆಂಡತಿ ಬರುವಷ್ಟರಲ್ಲಿ ಸ್ನಾನವೂ ಆಗಿತ್ತು.

ಮುಂದಿನ ವಾರ ಅಳುವವರು ಅತ್ತರು, ಹೇಳಿದ್ದು ಕೇಳಬೇಕಿತ್ತು ಎನ್ನುವವರು ಎಂದರು. ಗಿಡದ ಕೋಣೆಗೆ ಅವನು ಹೊಸ ಬೀಗ ತಂದ. ಸಿಮೆಂಟ್ ತೊಟ್ಟಿಯನ್ನು ಬ್ಲೀಚಿಂಗ್ ಪುಡಿ ಹಾಕಿ ಮೂರು ಸಲ ತೊಳೆಸಿದ. ವಿಚಾರಣೆಗೆಂದು ಸಂಜೆಯ ಹೊತ್ತಿಗೆ ಪೊಲೀಸ್ ಅಧಿಕಾರಿ ಮನೆಗೆ ಬಂದರು. ಮಧ್ಯವಯಸ್ಸಿನ ಹೆಂಗಸು, ಕೆಲಸ ಮುಗಿಸಿ ಮನೆಗೆ ಹೋಗುವ ಆತುರ ಮುಖದಲ್ಲೇ ಇತ್ತು. ಕಡತ ಮುಚ್ಚುವ ಮುಂಚೆ ಯಜಮಾನರ ಒಂದು ಮಾತು ಬೇಕಿತ್ತು, ಅಷ್ಟೇ ಎಂದರು. ಏಳರ ಸುಮಾರಿನಿಂದ ದೀಪ ಆರುವವರೆಗೂ ಮಾವನ ಬಳಿಯಿದ್ದೆನೆಂದು ಅವನು ಹೇಳಿದ. ಅವರು ಬರೆದುಕೊಂಡರು. ಅವನೇ ಅವರನ್ನು ಕೋಣೆಗೆ ಕರೆದೊಯ್ದ, ವಾಸನೆಗೆ ಕ್ಷಮೆ ಕೇಳುತ್ತ.

ಮಾವ ಮಗನ ಹೆಸರೆತ್ತಿ ಸ್ವಲ್ಪ ಅತ್ತು, ಆಮೇಲೆ ಅಳಿಯನ ಪರ ಮಾತಾಡಲು ಮೈಯೆಲ್ಲ ಗಟ್ಟಿ ಮಾಡಿಕೊಂಡರು. “ನೋಡಿ ತಾಯಿ, ದೀಪ ಇರುವಾಗ್ಲೇ ಬಂದ್ರು, ಆರೋವರೆಗೂ ಪಕ್ಕದಲ್ಲೇ ಕೂತಿದ್ರು. ಯಾವತ್ತೂ ಕೂರದೋರು. ನನಗೊಂದೇ ಬೇಜಾರು, ಅವರು ಬರೋ ಹೊತ್ತಿಗೆ ಗಿಡಗಳು ಮಲಗಿಬಿಟ್ಟಿದ್ವು. ತೋರಿಸ್ದೆ, ಅವರು ನೋಡ್ಲಿಲ್ಲ.” ಗಿಡ ಮಲಗುವುದೇ ಎಂದು ಅಧಿಕಾರಿ ಕೇಳಿದರು. “ಇವರೇ ಹೇಳಿಕೊಟ್ಟಿದ್ದು. ದೀಪ ಆರೋಕೆ ಮುಂಚೆನೇ ತುದಿ ಮಡಚಿಕೊಳ್ತವೆ. ಅವು ಮಲಗಿ ಸ್ವಲ್ಪ ಹೊತ್ತಿಗೆ ದೀಪ ಆರತ್ತೆ, ಒಂದು ದಿನಾನೂ ತಪ್ಪಲ್ಲ. ಅವತ್ತು ಮಾತ್ರ ನೋಡಿ, ಅವು ಮಲಗಿ ಎಷ್ಟೋ ಹೊತ್ತಾದ್ರೂ ದೀಪ ಆರಲೇ ಇಲ್ಲ. ಕೂತ್ಕೊಳ್ಳಿ ತಾಯಿ, ಇನ್ನೇನು ಮಲಗೋ ಹೊತ್ತಾಯ್ತು.” ಮನೆಗೆ ಹೋಗುವ ಆತುರವಿದ್ದ ಅಧಿಕಾರಿ ಸ್ಟೂಲು ಎಳೆದುಕೊಂಡು ಕೂತರು. ಬಾಗಿಲಲ್ಲಿ ನಿಂತಿದ್ದ ಅಳಿಯ ಈಗ ತೊಟ್ಟಿಯತ್ತ ನೋಡಿದ. ಅವನು ದೀಪದ ಹೊತ್ತನ್ನು ತಿರುಗಿಸಿದ್ದ, ಹಸಿವನ್ನು ಹಿಂದಕ್ಕೆ ತಳ್ಳಿದ್ದ. ಗಿಡಗಳಿಗೆ ಏನನ್ನೂ ಹೇಳಿರಲಿಲ್ಲ. ದೀಪ ಇನ್ನೂ ಉರಿಯುತ್ತಿದ್ದಂತೆಯೇ ಹಿಂದಿನ ಸಾಲಿನ ಕೆಂಪು ತುದಿಯೊಂದು ಎಲೆಗಳನ್ನು ಮೇಲಕ್ಕೆತ್ತಿ ಒಂದರ ಮೇಲೊಂದು ಮುಚ್ಚಿಕೊಳ್ಳತೊಡಗಿತು, ಅದರ ಪಕ್ಕದ್ದೂ ಮುಚ್ಚಿಕೊಂಡಿತು. ಅಧಿಕಾರಿ ಅಂಗಿಯ ತೋಳು ಸರಿಸಿ ಕೈಗಡಿಯಾರ ನೋಡಿಕೊಂಡರು: ಏಳೂಮುಕ್ಕಾಲು.