ಸುಷ್ಮಿತಕ್ಕನ ಬಾಡಿಗೆ ಕಂಪ್ಯೂಟರ್

"ಮೇಘಾ, ಅಲ್ಲಾಡಬೇಡ! ಕೈ ಇನ್ನೂ ಸ್ವಲ್ಪ ಮೇಲೆ!"

"ಕೈ ನೋಯ್ತೈತೆ ಅಕ್ಕಾ!"

ಮೇಘಶ್ರೀ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ, ಸ್ಟೂಲ್ ಹತ್ತಿ ಫೋನ್ ಎತ್ತಿ ಹಿಡಿದು ನಿಂತಿದ್ದಳು. ಧರ್ಮಪುರದ ಹತ್ತಿರದ ಅವರ ಹಳ್ಳಿಯಲ್ಲಿ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿದ್ದುದು ಅಲ್ಲಿ ಮಾತ್ರ. ಒಣಗಲು ಹರವಿದ ಶೇಂಗಾದ ನಡುವೆ ಜಾಗ ಮಾಡಿಕೊಂಡು ಕೂತಿದ್ದ ಅಕ್ಕ ಸುಷ್ಮಿತಾ ಲ್ಯಾಪ್‌ಟಾಪ್ ಮೇಲೆ ಬಗ್ಗಿದ್ದಳು. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಸರಸರ ಓಡುತ್ತಿದ್ದವು.

ಸುಷ್ಮಿತಾ ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದಳು. ಕೊನೆಯ ವರ್ಷ. ಪ್ರಾಜೆಕ್ಟ್ ಮಾಡಲೆಂದು ಒಂದು ವಾರ ಊರಿಗೆ ಬಂದಿದ್ದಳು.

ಇದ್ದಕ್ಕಿದ್ದಂತೆ ಅಕ್ಷರಗಳು ನಿಂತುಬಿಟ್ಟವು.

"ಅಯ್ಯೋ! ಎಲ್ಲಾ ಹೋಯ್ತಾ?" ಮೇಘಶ್ರೀಗೆ ಗಾಬರಿಯಾಯಿತು.

"ಏನೂ ಹೋಗಿಲ್ಲ ಬಿಡು. ನಾನು ಬಾಡಿಗೆಗೆ ತಗಂಡಿರೋ ಕಂಪ್ಯೂಟರ್ ಎಲ್ಲೋ ದೂರದಾಗೆ ಐತೆ. ಅದಕ್ಕೆ ಕ್ಲೌಡ್ ಅಂತಾರೆ. ನಮ್ ನೆಟ್ ಹೋದ್ರೂ, ನಾವು ಮಲಗಿದ್ರೂ, ಅದು ಅದರ ಪಾಡಿಗೆ ಕೆಲಸ ಮಾಡ್ತಾ ಇರುತ್ತೆ."

"ಏನ್ ಕೆಲಸ?"

"ಕ್ರಿಪ್ಟೊ ಕಾಯಿನ್ ಅಂತ ಒಂಥರ ದುಡ್ಡು ಐತೆ. ಕೈಯಲ್ಲಿ ಹಿಡಿಯೋ ಕಾಯಿನ್ ಅಲ್ಲ, ಕಂಪ್ಯೂಟರ್‌ನಾಗೆ ಇರೋದು. ಯಾರು ಯಾರಿಗೆ ಕೊಟ್ರು ಅಂತ ಬರೆದಿಡೋ ದೊಡ್ಡ ಪುಸ್ತಕ ಇರುತ್ತೆ. ಆ ಪುಸ್ತಕ ಒಬ್ಬರ ಹತ್ರ ಇರಲ್ಲ. ಎಷ್ಟೋ ಕಂಪ್ಯೂಟರ್‌ಗಳು ಅದನ್ನ ಕಾಪಿ ಮಾಡಿ ಇಟ್ಕಂಡು, ಸರಿ ಐತಾ ಅಂತ ನೋಡ್ತಾ ಇರ್ತವೆ. ಅಂಥ ಒಂದೊಂದಕ್ಕೂ ಇಂಗ್ಲಿಷ್‌ನಾಗೆ 'ನೋಡ್' ಅಂತಾರೆ. ನಂದೂ ಒಂದು ನೋಡ್. ಪುಸ್ತಕ ಪೂರ್ತಿ ಕಾಪಿ ಆಗಕ್ಕೆ ಇನ್ನೂ ಮೂರು ದಿನ ಬೇಕು."

"ಹಂಗಾದ್ರೆ ನಮಗೆ ಕಾಯಿನ್ ಬರುತ್ತಾ?"

ಸುಷ್ಮಿತಾ ನಕ್ಕಳು. "ಒಂದೂ ಬರಲ್ಲ. ಬಾಡಿಗೆ ನಾವೇ ಕಟ್ಟಬೇಕು. ಕಲಿಯಕ್ಕೆ ಅಂತ ಮಾಡ್ತಿರೋದು ಕಣೇ. ಹೋಗು, ಸ್ಕೂಲಿಗೆ ಲೇಟಾಯ್ತು."

ಶಾಲೆಯಲ್ಲಿ ಐದನೇ ಕ್ಲಾಸಿನವರೆಲ್ಲ ರಂಜಿತಾಳ ಬೆಂಚಿನ ಸುತ್ತ ಮುತ್ತಿಕೊಂಡಿದ್ದರು. ಅವಳ ಮಾವ ಸ್ಮಾರ್ಟ್ ವಾಚ್ ಕೊಡಿಸಿದ್ದರು. ಒತ್ತಿದರೆ ಬೆಳಕು, ಅಲ್ಲಾಡಿಸಿದರೆ ಹೆಜ್ಜೆಯ ಲೆಕ್ಕ. ಮೇಘಶ್ರೀ ಎರಡು ಸಲ ಇಣುಕಲು ನೋಡಿದಳು. ಯಾರೂ ಜಾಗ ಬಿಡಲಿಲ್ಲ.

"ನಮ್ಮಕ್ಕ ಒಂದು ಮಿಷನ್ ಇಟ್ಟವಳೆ!" ಅವಳು ಜೋರಾಗಿ ಹೇಳಿದಳು. "ಕ್ಲೌಡ್‌ನಾಗೆ!"

ನಾಲ್ಕೈದು ತಲೆಗಳು ತಿರುಗಿದವು.

"ಏನ್ ಮಾಡ್ತೈತೆ ಅದು?" ರಂಜಿತಾ ಕೇಳಿದಳು.

ಎಲ್ಲರ ಕಣ್ಣೂ ಈಗ ಮೇಘಶ್ರೀಯ ಮೇಲೇ ಇತ್ತು.

"ಕಾಯಿನ್ ಮಾಡ್ತೈತೆ. ನಾವು ಮಲಗಿದ್ರೂ ಮಾಡ್ತಾನೇ ಇರುತ್ತೆ."

ಅವತ್ತು ಊಟದ ಹೊತ್ತಿನಲ್ಲಿ ಎಲ್ಲರೂ ಅವಳ ಪಕ್ಕವೇ ಕೂತರು. ರಂಜಿತಾ ತನ್ನ ವಾಚನ್ನು ಐದು ನಿಮಿಷ ಅವಳ ಕೈಗೆ ಕಟ್ಟಿದಳು.

ಮರುದಿನ ಸಂಜೆ ಮೇಘಶ್ರೀ ಒಬ್ಬಳೇ ಮನೆಯಲ್ಲಿದ್ದಳು. ಅಮ್ಮ ಮತ್ತು ಅಕ್ಕ ಅಂಗಡಿಗೆ ಹೋಗಿದ್ದರು. ಬಾಗಿಲ ಬಳಿ ಕೋಲಿನ ಸದ್ದಾಯಿತು. ರಂಜಿತಾಳ ಅಜ್ಜಿ ಹುಚ್ಚಕ್ಕ! ಕುರಿ ಕೂಡುವ ರೊಪ್ಪದಿಂದ ನೇರವಾಗಿ ಬಂದಿದ್ದರು. ಸೆರಗಿಗೆ ಮುಳ್ಳು ಅಂಟಿಕೊಂಡಿದ್ದವು.

"ಏನವ್ವ ಮೇಘಾ, ನಿಮ್ಮಕ್ಕ ಮೋಡದಾಗೆ ಮಿಷನ್ ಇಟ್ಟವಳಂತೆ?" ಎನ್ನುತ್ತಾ ಅಜ್ಜಿ ಕಟ್ಟೆ ಹಿಡಿದು ಮೆಲ್ಲಗೆ ಕುಳಿತರು. "ಅದಕ್ಕೆ ಮೇವು ಹಾಕಂಗಿಲ್ಲ, ನೀರು ಕುಡಿಸಂಗಿಲ್ಲ. ನಿಜವಾ?"

"ಹ್ಞೂಂ... ಮೇವು ಬೇಡ," ಎಂದಳು ಮೇಘಶ್ರೀ. ಅದೇನೋ ನಿಜವೇ.

"ನನ್ ಮೊಣಕಾಲು ಕೈ ಕೊಟ್ಟವು ಕಣವ್ವ. ಕುರಿ ಹಿಂದೆ ನಡಿಯಕ್ಕಾಗಲ್ಲ. ನಾಳೆ ಸಂತೆಯಾಗೆ ಎರಡು ಕುರಿ ಮಾರ್ತೀನಿ. ಬಂದ ದುಡ್ಡನ್ನ ನಿಮ್ಮಕ್ಕನ ಮಿಷನ್‌ಗೆ ಹಾಕ್ತೀನಿ. ನಂಗೂ ಒಂದು ಪಾಲು ಕೊಡಕ್ಕೆ ಹೇಳು."

'ಅಜ್ಜೀ, ಅದು ಸುಳ್ಳು' ಎಂದುಬಿಡಬೇಕು ಅನ್ನಿಸಿತು ಮೇಘಶ್ರೀಗೆ. ಆದರೆ ಸೋಮವಾರ ರಂಜಿತಾ ಏನನ್ನುತ್ತಾಳೆ? ಕ್ಲಾಸಿನವರೆಲ್ಲ ಏನನ್ನುತ್ತಾರೆ?

"ಅಕ್ಕಂಗೆ ಹೇಳ್ತೀನಿ," ಎಂದಷ್ಟೇ ಹೇಳಿದಳು.

ಅಕ್ಕ ಬಂದಳು. ಊಟವಾಯಿತು. ಎರಡು ಸಲ "ಅಕ್ಕಾ" ಎಂದು ಮೇಘಶ್ರೀ ಕರೆದಳು. "ಏನೇ?" ಎಂದಾಗ, "ಏನಿಲ್ಲ" ಎಂದಳು. ಅಜ್ಜಿ ಮರೆತುಬಿಡಬಹುದು, ಸಂತೆಗೆ ಹೋಗದೇ ಇರಬಹುದು ಎಂದುಕೊಂಡು ಮಲಗಿದಳು.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ರೊಪ್ಪದ ಕಡೆಯಿಂದ ಲಗೇಜ್ ಆಟೋದ ಹಾರ್ನ್ ಕೇಳಿಸಿತು. ಮೇಘಶ್ರೀ ಬ್ರಷ್ ಎಸೆದು ಓಡಿದಳು. ಚಪ್ಪಲಿಯನ್ನೂ ಹಾಕಿಕೊಳ್ಳಲಿಲ್ಲ. "ಲೇ, ಎಲ್ಲಿಗೇ?" ಎಂದು ಕೂಗುತ್ತಾ ಸುಷ್ಮಿತಾ ಹಿಂದೆಯೇ ಬಂದಳು.

ಒಂದು ಕುರಿ ಆಗಲೇ ಆಟೋದಲ್ಲಿತ್ತು. ಇನ್ನೊಂದರ ಕಾಲನ್ನು ಆಟೋ ಓಡಿಸುವ ಕಾಟಲಿಂಗಪ್ಪ ಹಿಡಿದಿದ್ದ. ಅದು ಹತ್ತಲು ಒಲ್ಲೆ ಎಂದು ಅರಚುತ್ತಿತ್ತು. ರಂಜಿತಾ ಅದರ ಕುತ್ತಿಗೆ ಸವರುತ್ತಿದ್ದಳು.

"ಬೇಡ! ಇಳಿಸ್ರಿ!" ಮೇಘಶ್ರೀ ಏದುಸಿರು ಬಿಡುತ್ತಾ ಹೇಳಿದಳು. "ಅಜ್ಜೀ, ಆ ಮಿಷನ್ ಕಾಯಿನ್ ಕೊಡಲ್ಲ. ಒಂದೂ ಕೊಡಲ್ಲ. ನಾನು ಸುಳ್ಳು ಹೇಳಿದ್ದೆ."

ರಂಜಿತಾಳ ಕೈ ಕುರಿಯ ಕುತ್ತಿಗೆಯ ಮೇಲೇ ನಿಂತಿತು.

ಹುಚ್ಚಕ್ಕ ಕೋಲೂರಿಕೊಂಡು ಹತ್ತಿರ ಬಂದರು. "ಮತ್ತೆ ಅದು ಏನ್ ಮಾಡ್ತೈತವ್ವ?"

"ಯಾರ್ಯಾರದೋ ಲೆಕ್ಕ ಬರೆದಿಟ್ಕಂತೈತೆ. ಅಷ್ಟೇ. ಅದಕ್ಕೆ ಬಾಡಿಗೆ ನಾವೇ ಕಟ್ತೀವಿ."

ಕಾಟಲಿಂಗಪ್ಪ ಹೋ ಎಂದು ನಕ್ಕ. ಬೇರೆ ಯಾರೂ ನಗಲಿಲ್ಲ.

"ಲಿಂಗಪ್ಪ, ಇಳಿಸು," ಎಂದರು ಹುಚ್ಚಕ್ಕ. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕುಳಿತು ಮೊಣಕಾಲು ನೀವಿಕೊಂಡರು. "ಇವತ್ತು ಒಂದಿನ ಕುರಿ ಹಿಂದೆ ನಡಿಯೋದು ತಪ್ಪುತ್ತೆ, ಸುಧಾರಿಸ್ಕಳ್ಳಾಣ ಅಂದ್ಕಂಡಿದ್ದೆ."

ಸುಷ್ಮಿತಾಗೆ ಎಲ್ಲ ಅರ್ಥವಾಗಿತ್ತು. ಅವಳು ಅಜ್ಜಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಳು. "ತಪ್ಪಾಯ್ತು ಅಜ್ಜಿ. ಫೋನ್‌ನಾಗೆ, ಸಂತೆಯಾಗೆ ಯಾರೇ ಆಗಲಿ ಕುಂತಲ್ಲೇ ಕಾಯಿನ್ ಬರುತ್ತೆ ಅಂದ್ರೆ ದುಡ್ಡು ಕೊಡಬ್ಯಾಡ್ರಿ. ಮೊದಲು ನನ್ನ ಕೇಳ್ರಿ."

"ನೀನು ಊರಾಗೆ ಇದ್ರಲ್ವಾ ಕೇಳೋದು!" ಎಂದರು ಅಜ್ಜಿ. ದನಿಯಲ್ಲಿ ಕೋಪವಿರಲಿಲ್ಲ. ದಣಿವಿತ್ತು.

ಮೇಘಶ್ರೀಗೆ ಯಾರಾದರೂ ಬೈದಿದ್ದರೆ ಚೆನ್ನಾಗಿರುತ್ತಿತ್ತು ಅನ್ನಿಸಿತು.

"ಇವತ್ತು ಕುರಿ ನಾನು ಹೊಡ್ಕಂಡು ಹೋಗ್ತೀನಿ ಅಜ್ಜೀ," ಎಂದಳು.

"ನಿಂಗೆ ಬರಲ್ಲ," ಎಂದಳು ರಂಜಿತಾ, ನೆಲ ನೋಡುತ್ತಾ. ಸ್ವಲ್ಪ ತಡೆದು, "ಚಪ್ಪಲಿ ಹಾಕ್ಕಂಡು ಬಾ. ಮುಳ್ಳು ಅವೆ," ಎಂದಳು.

ಕುರಿಗಳು ಹೇಳಿದ ಮಾತು ಕೇಳುವುದಿಲ್ಲ ಎಂದು ಮೇಘಶ್ರೀಗೆ ಅರ್ಧ ಗಂಟೆಯಲ್ಲೇ ಗೊತ್ತಾಯಿತು. ಒಂದನ್ನು ಶೇಂಗಾ ಹೊಲದಿಂದ ಅಟ್ಟಿದರೆ ಇನ್ನೊಂದು ಬೇಲಿಗೆ ನುಗ್ಗುತ್ತಿತ್ತು. ಹಳ್ಳ ದಾಟಿದರು, ಗುಡ್ಡದ ಸೆರಗಿನವರೆಗೂ ಹೋದರು. ತಂದಿದ್ದ ನೀರು ಮಧ್ಯಾಹ್ನಕ್ಕೇ ಮುಗಿಯಿತು. ಕೊನೆಗೆ ಒಂದು ಮರದ ನೆರಳಲ್ಲಿ ರಂಜಿತಾ ರೊಟ್ಟಿ ಮುರಿದು ಅರ್ಧ ಕೊಟ್ಟಳು.

"ನಾನೇ ಅಜ್ಜಿಗೆ ಹೇಳಿದ್ದು. ಮೇಘಾ ಸುಳ್ಳು ಹೇಳಲ್ಲ ಅಂತಾನೂ ಹೇಳಿದ್ದೆ," ಎಂದಳು.

ಮೇಘಶ್ರೀ ಎದ್ದು, ಬೇಲಿಯತ್ತ ಹೊರಟಿದ್ದ ಕುರಿಯನ್ನು ತಿರುಗಿಸಿಕೊಂಡು ಬಂದಳು.

ಹೊತ್ತು ಇಳಿದಾಗ ಮಂದೆ ಊರಿಗೆ ತಿರುಗಿತು. ಹುಚ್ಚಕ್ಕ ರೊಪ್ಪದ ಬಾಗಿಲಲ್ಲೇ ಕುಳಿತಿದ್ದರು. ಕುರಿಗಳು ಹುಡುಗಿಯರನ್ನು ಬಿಟ್ಟು ಅಜ್ಜಿಯ ಕಡೆಗೆ ಓಡಿದವು. ಒಳಗೆ ನುಗ್ಗುವ ಒಂದೊಂದರ ಬೆನ್ನನ್ನೂ ಅಜ್ಜಿಯ ಕೈ ಮುಟ್ಟಿ ಮುಟ್ಟಿ ಬಿಡುತ್ತಿತ್ತು. "ಬಾರೆ ಕೆಂಪಿ... ಏನೇ ಚುಕ್ಕಿ, ಹೊಟ್ಟೆ ತುಂಬ್ತಾ?... ಇದ್ಯಾಕೆ ಕುಂಟ್ತೀಯಾ?"

ಬೆಳಿಗ್ಗೆ ಸಂತೆಗೆ ಹೊರಟಿದ್ದ ಎರಡು ಕುರಿಗಳು ಎಲ್ಲಕ್ಕಿಂತ ಕೊನೆಗೆ ಬಂದವು. ಅಜ್ಜಿ ಒಂದರ ಕಾಲೆತ್ತಿ ಗೊರಸಿನಿಂದ ಮುಳ್ಳು ಕಿತ್ತರು. ಇನ್ನೊಂದು ಅವರ ಭುಜಕ್ಕೆ ಮೂತಿ ಉಜ್ಜುತ್ತಾ ನಿಂತಿತು.

ಇವೆರಡಕ್ಕೂ ಹೆಸರಿದೆಯೇ ಎಂದು ಕೇಳಬೇಕೆನಿಸಿತು ಮೇಘಶ್ರೀಗೆ. ಕೇಳಲಿಲ್ಲ. ಇರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಹೆಸರಿದ್ದ ಇವೆರಡನ್ನು ಅಜ್ಜಿ ಬೆಳಿಗ್ಗೆ ಆಟೋಗೆ ಹತ್ತಿಸಲು ಹೊರಟಿದ್ದರು, ತಾನು ಆಡಿದ ಒಂದು ಮಾತನ್ನು ನಂಬಿ.

ಅವಳು ಮೆಲ್ಲಗೆ ಹೋಗಿ ಅಜ್ಜಿಯ ಪಕ್ಕ ಕುಳಿತಳು. ಅಜ್ಜಿ ಕುರಿಯ ಇನ್ನೊಂದು ಕಾಲನ್ನು ಅವಳ ಕೈಗೆ ಕೊಟ್ಟರು, ಹಿಡಿದುಕೊಳ್ಳಲು.