ಹತ್ತರ ಕೆಳಗಿನ ಎರಡು ಗೀಟು

"ನಾನು ತಿದ್ದಿಲ್ಲ ಟೀಚರ್. ಆದ್ರೆ ನಂಬೋರು ಯಾರೂ ಇಲ್ಲ."

ಗುಂಡ್ಲುಪೇಟೆಯ ದೊಡ್ಡಮಲ್ಲಮ್ಮನವರ ಜಗುಲಿಯಲ್ಲಿ ಕೂತಿದ್ದ ಕಾವ್ಯಶ್ರೀ ಕಾಫಿ ಮುಟ್ಟಿರಲಿಲ್ಲ. ಭೀಮನಬೀಡಿನ ಹುಡುಗಿ, ಚಾಮರಾಜನಗರದ ಕಾಲೇಜಿನಿಂದ ಹಾಲೆಂಡಿನ ವಿಶ್ವವಿದ್ಯಾಲಯಕ್ಕೆ ಹೋಗಿ ಆರು ತಿಂಗಳು ಓದಿ ಬಂದವಳು. 2008ರ ಆ ಭಾನುವಾರ ಅವಳಿಗೆ ಉಳಿದಿದ್ದದ್ದು ಒಂದೇ ದಿನ. ಸೋಮವಾರ ಹನ್ನೊಂದಕ್ಕೆ, ಅಂಕಪಟ್ಟಿ ತಿದ್ದಿದಳೆಂದು ಅವಳನ್ನು ಕಾಲೇಜಿನಿಂದ ತೆಗೆದುಹಾಕುವ ತೀರ್ಮಾನವಾಗಲಿತ್ತು.

ಬಾಗಿಲ ಬಳಿ ಶಿವಮೂರ್ತಿ ಬೆವರುತ್ತ ನಿಂತಿದ್ದ. ಅದೇ ಕಾಲೇಜಿನ ಗುಮಾಸ್ತ. ಟೀಚರ ಮನೆಯ ಮುಂದಿನ ಕೋಣೆಯ ಬಾಡಿಗೆದಾರ. ಈ ನಿವೃತ್ತ ಹೆಡ್‌ಮಿಸ್ಟ್ರೆಸ್ ಬಿಡಿಸಿದ ಒಗಟುಗಳನ್ನೆಲ್ಲ ಜೊತೆಗಿದ್ದು ನೋಡಿದವನು, ಈ ಸಲ ಒಗಟಿನ ಒಳಗೇ ಸಿಕ್ಕಿಕೊಂಡಿದ್ದ. ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ಅವನಿಗೆ ಬರೆದ ಅಂಕಿಯನ್ನು ಮೂರು ಸಲ ನೋಡದಿದ್ದರೆ ಸಮಾಧಾನವಿಲ್ಲ. ಆದರೆ ಬುಧವಾರ ಸಂಜೆ ಕಾವ್ಯಶ್ರೀ ತಂದ ಅಂಕಪಟ್ಟಿಯನ್ನು, ಪರರ ಅಂಕ ನನಗೇಕೆ ಎಂದು, ನೋಡದೆಯೇ ಬೀರುವಿನಲ್ಲಿಟ್ಟಿದ್ದ. ಕೀಲಿಯನ್ನು ಎಂದಿನಂತೆ ಗೋಡೆಯ ಮೊಳೆಗೆ ನೇತುಹಾಕಿದ್ದ.

ಶುಕ್ರವಾರ ಪ್ರಿನ್ಸಿಪಾಲ್ ಗುರುಪಾದಸ್ವಾಮಿ ಪಟ್ಟಿ ತೆಗೆದರು. ಕಾಲೇಜಿನ ಫಾರಂನಲ್ಲಿ ಹಾಲೆಂಡಿನ ಮೇಷ್ಟ್ರು ಕೈಯಲ್ಲೇ ತುಂಬಿದ್ದ ನಾಲ್ಕು ಅಂಕ: 7, 7, 6, 10. ಕೊನೆಯದನ್ನು ವೈಟ್ನರ್ ಬಳಿದು ಅದರ ಮೇಲೆ ಬರೆದಿತ್ತು. ಅನುಮಾನ ಬಂದು ಅವರೇ ಹಾಲೆಂಡಿಗೆ ಇ-ಮೇಲ್ ಮಾಡಿ ಕೇಳಿದರು. ಅದೂ 6 ಎಂದು ಉತ್ತರ ಬಂತು.

"ನೀ ಕೊಡುವಾಗ ಆರೇ ಇತ್ತಾ ಕಣಮ್ಮಿ?"

"ಆರೇ ಟೀಚರ್. ಅಲ್ಲಿ ಹತ್ತಕ್ಕೆ ಐದೂವರೆ ಬಂದ್ರೆ ಪಾಸು. ಎಂಟು ಬಂದ್ರೆ ಕ್ಲಾಸೇ ತಿರುಗಿ ನೋಡ್ತದೆ. ಹತ್ತು ಬಂದೋರ್ನ ನಾನು ಕಾಣೆ. ಮೊದಲ ಪೇಪರಿಗೆ ಏಳು ಬಂದಾಗ ರೂಮಿಗೋಗಿ ಅತ್ತುಬುಟ್ಟೆ. ಪಕ್ಕದ ರೂಮಿನೋಳು ಕೇಕ್ ತಂದು, ಭೇಷ್ ಅಂದ್ಲು."

ದೊಡ್ಡಮಲ್ಲಮ್ಮ ನಗಲಿಲ್ಲ. ಶಿವಮೂರ್ತಿ ತಂದಿದ್ದ ಜೆರಾಕ್ಸನ್ನು ಕನ್ನಡಕದ ಹತ್ತಿರ ಹಿಡಿದರು.

"ಹತ್ತರ ಕೆಳಗೆ ಇದೇನಪ್ಪ, ಎರಡು ಗೀಟು?"

"ಜೆರಾಕ್ಸ್ ಕೊಳೆ ಇರ್ಬೇಕು ಟೀಚರ್."

"ಗುರುವಾರ ಯಾರ್ಯಾರು ಬಂದಿದ್ರು?"

"ರಜಾ. ಹಾಜರಿ ಪುಸ್ತಕದಲ್ಲಿ ಮೂರೇ ಸಹಿ. ನಾನು, ಪ್ರಿನ್ಸಿಪಾಲ್ರು, ಲೆಕ್ಚರರ್ ಸುಧಾಕರ್ ಸಾರ್. ಇವಳ್ನ ಹಾಲೆಂಡಿಗೆ ಕಳಿಸಿದೋರು ಅವರೇ. ಡಿಸ್ಟಿಂಕ್ಷನ್ ತತ್ತಾಳೆ ಅಂತ ಪ್ರಿನ್ಸಿಪಾಲ್ರಿಗೆ ಮಾತು ಕೊಟ್ಟಿದ್ರು." ಅವನ ದನಿ ಇಳಿಯಿತು. "ಕೀಲಿ ಮೊಳೇಲಿಟ್ಟೋನು ನಾನು. ನನ್ನ ಮೇಲೇ ಬರ್ತದೆ."

"ಮೊದ್ಲು ಉಂಡು ಮಲಿಕೊ."

ಸೋಮವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಅವರು, ಸುಧಾಕರ್, ಕಾವ್ಯಶ್ರೀ, ಶಿವಮೂರ್ತಿ, ಟೀಚರ್, ಹೀಗೆ ಐವರೇ ಇದ್ದರು. ದೊಡ್ಡಮಲ್ಲಮ್ಮ ಅಸಲು ಪಟ್ಟಿಯನ್ನು ಮೇಜಿನ ನಡುವೆ ಇಟ್ಟರು.

"ಅಲ್ಲಿ ಆರು ತಿಂಗಳಿದ್ದೋಳು ತಿದ್ದೋದಾದ್ರೆ ಏಳು ಅಂತ ಬರೀತಿದ್ಲು. ಯಾರಿಗೂ ಬರದ ಹತ್ತು ಬರೆದು ಸಿಕ್ಕಿಬೀಳ್ತಿರ್ಲಿಲ್ಲ. ಹತ್ತಕ್ಕೆ ಹತ್ತು ಸಲೀಸು ಅನ್ಕೊಳ್ಳೋರು ಪ್ರಾಕ್ಟಿಕಲ್‌ಗೆ ಕಣ್ಮುಚ್ಚಿ ಹತ್ತು ಹಾಕೋ ನಾವು."

ಟೀಚರ್ ಅಂಕಗಳ ಸಾಲಿನ ಮೇಲೆ ಬೆರಳಿಟ್ಟರು.

"ಸರಿ, ಒಂಬತ್ತು ಯಾಕೆ ಸಾಲ್ಲಿಲ್ಲ? ಕೂಡಿ ನೋಡಿ. ಏಳು, ಏಳು, ಆರು, ಹತ್ತು. ನಲವತ್ತಕ್ಕೆ ಮೂವತ್ತು. ಸರಿಯಾಗಿ ಎಪ್ಪತ್ತೈದು ಪರ್ಸೆಂಟು, ಡಿಸ್ಟಿಂಕ್ಷನ್. ಇನ್ನು ಈ ಗೀಟು. ಇದು ಜೆರಾಕ್ಸ್ ಕೊಳೆ ಅಲ್ಲ, ಅಸಲಿನಲ್ಲೂ ಇದೆ. ಮೂವತ್ತು ವರ್ಷ ಮೌಲ್ಯಮಾಪನ ಮಾಡಿದೀನಿ. ಅಂಕದ ಕೆಳಗೆ ಎರಡು ಗೀಟು ಎಳೀದೆ ನಮ್ಮ ಕೈ ಮೇಲೇಳಲ್ಲ. ಹಾಲೆಂಡಿನೋರು ಮಿಕ್ಕ ಮೂರಕ್ಕೂ ಎಳೆದಿಲ್ಲ. ಶಿವಮೂರ್ತಿ ಉತ್ತರಪತ್ರಿಕೆ ಮುಟ್ಟಿದೋನಲ್ಲ. ಉಳಿದೋರು ಮೇಷ್ಟ್ರು ಇಬ್ರು. ಅದರಲ್ಲೊಬ್ರು ಹಾಲೆಂಡಿಗೆ ತಾವೇ ಬರೆದು ಕೇಳಿದೋರು. ತಿದ್ದಿದೋರು ಯಾರಾದ್ರೂ ಹಂಗೆ ಕೇಳ್ತಾರಾ?"

ಸುಧಾಕರ್ ತಮ್ಮ ಬೆರಳುಗಳನ್ನೇ ನೋಡುತ್ತಿದ್ದರು.

"ಡಿಸ್ಟಿಂಕ್ಷನ್ ಬರದಿದ್ರೆ ಮುಂದಿನ ವರ್ಷ ಯಾರ್ನೂ ಕಳಿಸಲ್ಲ ಅಂದಿದ್ರಿ ಸಾರ್, ಇವಳದು ಅರವತ್ತೈದೇ ಪರ್ಸೆಂಟು," ಎಂದರು ಪ್ರಿನ್ಸಿಪಾಲರಿಗೆ. "ಇವಳಿಗೇ ಮುಳುವಾಗ್ತದೆ ಅಂತ ತಿಳೀಲಿಲ್ಲ."

"ಶುಕ್ರವಾರ ತಿಳೀತಲ್ಲ ಸಾರ್," ಎಂದಳು ಕಾವ್ಯಶ್ರೀ. "ಅಲ್ಲಿ ಆರು ಏಳು ತಗೊಂಡೋರು ತಲೆ ಎತ್ತಿ ಓಡಾಡ್ತಾರೆ. ನೀವು ಮೂರು ದಿನ ಸುಮ್ನಿದ್ರಿ."

ಗುರುಪಾದಸ್ವಾಮಿ ಅವಳನ್ನು ತೆಗೆದುಹಾಕುವ ಕಾಗದವನ್ನು ಹರಿದರು. ಸುಧಾಕರರಿಗೆ ಹೊರಗೆ ಕಾಯುವಂತೆ ಹೇಳಿ, ಹತ್ತನ್ನು ಹೊಡೆದುಹಾಕಿ ಪಕ್ಕದಲ್ಲಿ 6 ಎಂದು ಬರೆದರು. ಅಭ್ಯಾಸಬಲದಿಂದ ಅದರ ಕೆಳಗೆ ಎರಡು ಗೀಟು ಎಳೆದರು.

ಮೊದಲು ನಕ್ಕವಳು ಕಾವ್ಯಶ್ರೀ.

ಶಿವಮೂರ್ತಿ ಪಟ್ಟಿಯನ್ನು ತೆಗೆದುಕೊಂಡು ನಾಲ್ಕೂ ಅಂಕಿಗಳನ್ನು ಮೂರು ಸಲ ಓದಿದ. ಬೀರುವಿನಲ್ಲಿಟ್ಟು ಬೀಗ ಹಾಕಿದ. ಕೀಲಿ ಹಿಡಿದ ಕೈ ತಾನಾಗಿ ಮೊಳೆಯ ಕಡೆ ಹೋಯಿತು. ತಡೆದು, ಕೀಲಿಯನ್ನು ಜೇಬಿಗೆ ಹಾಕಿಕೊಂಡ.